ತಟ್ಟೆ ಬೇರೆ ಮಾಡಿದರೆ ಸಾಕೇ?

ಪ್ರಶ್ನೆ: ನಮ್ಮ ಯಜಮಾನರಿಗೆ ಮೂರು ದಿನದಿಂದ ಜ್ವರ. ಡೆಂಗ್ಯೂ ಎಂದು ರಿಪೋರ್ಟ್ ಬಂದಿದೆ. ತಟ್ಟೆ, ಲೋಟ, ಟವೆಲ್ ಬೇರೆ ಮಾಡಿದ್ದೇನೆ, ಮಕ್ಕಳನ್ನು ಹತ್ತಿರ ಬಿಡುತ್ತಿಲ್ಲ. ಇಷ್ಟು ಸಾಕೇ?
– ಗೃಹಿಣಿ, ರಾಜಾಜಿನಗರ

ಉತ್ತರ: ತಟ್ಟೆ ಬೇರೆ ಮಾಡುವ ಅಗತ್ಯವೇ ಇರಲಿಲ್ಲ. ಡೆಂಗ್ಯೂ ಎಂಜಲಿನಿಂದಾಗಲಿ ಮುಟ್ಟಿದ್ದರಿಂದಾಗಲಿ ಬರುವುದಿಲ್ಲ. ನಡುವೆ ಈಡಿಸ್ ಸೊಳ್ಳೆ ಬೇಕು. ಜ್ವರದ ಮೊದಲ ಐದಾರು ದಿನ ರೋಗಿಯ ರಕ್ತದಲ್ಲಿ ವೈರಸ್ ಇರುತ್ತದೆ. ಆಗ ಕಚ್ಚಿದ ಸೊಳ್ಳೆ 8ರಿಂದ 12 ದಿನ ಕಳೆದ ಮೇಲೆ, ಸಾಯುವ ತನಕ ಸೋಂಕು ಹಂಚುತ್ತಿರುತ್ತದೆ. ಆದ್ದರಿಂದ ಸೊಳ್ಳೆಪರದೆ ಮೊದಲು ಕಟ್ಟಬೇಕಾದದ್ದು ಯಜಮಾನರ ಮಂಚಕ್ಕೆ, ಅದೂ ಹಗಲಲ್ಲಿ. ಈ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಬೆಳಿಗ್ಗೆ ಮತ್ತು ಕತ್ತಲಾಗುವ ಮುಂಚೆ. ರಾತ್ರಿ ಮಾತ್ರ ಕಾಯಿಲ್ ಹಚ್ಚಿ ಪ್ರಯೋಜನವಿಲ್ಲ.

ದಿನ ಬಿಟ್ಟು ದಿನ ಕಾವೇರಿ ನೀರು ಬರುವ ಮನೆಯಾದರೆ ಡ್ರಮ್ ನೋಡಿ. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒಳಗೋಡೆಗೆ ಅಂಟಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ನೀರು ತುಂಬಿದೊಡನೆ ಮರಿಯಾಗುತ್ತವೆ. ವಾರಕ್ಕೊಮ್ಮೆ ನಾರಿನಿಂದ ಉಜ್ಜಿ ತೊಳೆದು, ಬಟ್ಟೆ ಬಿಗಿದು ಮುಚ್ಚಿ. ಫ್ರಿಜ್ ಹಿಂದಿನ ಟ್ರೇ, ಮನಿ ಪ್ಲಾಂಟ್ ಬಾಟಲಿ, ಮೂಲೆಗೆಸೆದ ಎಳನೀರು ಬುರುಡೆ ಮರೆಯಬೇಡಿ.

ಜ್ವರ ಬಿಟ್ಟಿತೆಂದು ನಿರಾಳವಾಗುವುದೇ ದೊಡ್ಡ ತಪ್ಪು. ಮೂರರಿಂದ ಏಳನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೇ ರಕ್ತನಾಳಗಳಿಂದ ದ್ರವ ಸೋರಿ ಬಿಪಿ ಕುಸಿಯಬಹುದು. ಹೊಟ್ಟೆಯಲ್ಲಿ ತೀವ್ರ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ – ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ಪಪ್ಪಾಯಿ ಎಲೆಯ ರಸ ನಂಬಿಕೊಂಡು ತಡಮಾಡಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ.

ಪ್ರಶ್ನೆ: ನಮ್ಮ ಪಿ.ಜಿ.ಯಲ್ಲಿ ಒಬ್ಬಳಿಗೆ ಕಾಮಾಲೆ, ಹೆಪಟೈಟಿಸ್ ಎ ಅಂತೆ. ನಾವೂ ಅದೇ ನೀರು ಕುಡಿದಿದ್ದೇವೆ.
– ವಿದ್ಯಾರ್ಥಿನಿ, ಬಿಟಿಎಂ ಲೇಔಟ್

ಉತ್ತರ: ಇಲ್ಲಿ ತಟ್ಟೆ, ಲೋಟ ಬೇರೆ ಇರಲಿ. ಈ ವೈರಸ್ ಮಲದಿಂದ ಕೈಗೆ, ನೀರಿಗೆ, ಅಲ್ಲಿಂದ ಬಾಯಿಗೆ ಹೋಗುತ್ತದೆ. ಆದರೆ ಕಣ್ಣು ಹಳದಿಯಾಗುವ ಮುಂಚಿನ ವಾರಗಳಲ್ಲೇ ಆಕೆ ಹೆಚ್ಚು ಹರಡಿರುತ್ತಾಳೆ. ಸಂಪರ್ಕಕ್ಕೆ ಬಂದು ಎರಡು ವಾರ ಮೀರಿರದಿದ್ದರೆ ಲಸಿಕೆಯ ಬಗ್ಗೆ ಇವತ್ತೇ ವೈದ್ಯರನ್ನು ಕೇಳಿ. ಲಕ್ಷಣಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ ಕಾಣುತ್ತವೆ, ಕೆಲವರಿಗೆ 50 ದಿನವೂ ಹಿಡಿಯಬಹುದು. ಸ್ಯಾನಿಟೈಸರ್ ನೆಚ್ಚಬೇಡಿ, ಶೌಚಾಲಯದಿಂದ ಬಂದೊಡನೆ ಮತ್ತು ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ನೀರು ಕೊತಕೊತ ಒಂದು ನಿಮಿಷ ಕುದಿಯಲಿ. ಸಂಪು ಎಲ್ಲಾದರೂ ಬಿರುಕು ಬಿಟ್ಟಿದೆಯೇ, ಪಕ್ಕದಲ್ಲೇ ಚರಂಡಿ ಚೇಂಬರ್ ಇದೆಯೇ ಎಂದು ಪಿ.ಜಿ. ಮಾಲೀಕರ ಜತೆ ನಿಂತು ನೋಡಿ.