ಸಂಕಟ ಅಂದರೆ ಇಲ್ಲಿ ಎರಡು ಅರ್ಥ

ಚಿತ್ರದುರ್ಗದ ಕಡೆಯಿಂದ ಬಂದು ಮಂಗಳೂರಿನಲ್ಲಿ ನರ್ಸ್ ಕೆಲಸಕ್ಕೆ ಸೇರಿದ್ದೀರಿ. ವಾರ್ಡಿನಲ್ಲಿ ಕಾಸರಗೋಡಿನವರೇ ಜಾಸ್ತಿ, ಅವರಿಗೆ ಕನ್ನಡ ಬರುತ್ತದಾ, ಹೇಗೆ ಮಾತಾಡಿಸಬೇಕು ಅಂತ ಕೇಳಿದ್ದೀರಿ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವಳು. ಕನ್ನಡ ಶಾಲೆಯಲ್ಲಿ ಓದಿದವಳು, 18 ವರ್ಷದಿಂದ ಗಡಿಯ ಈಚೆಗೇ ನರ್ಸ್ ಆಗಿದ್ದೇನೆ. ನನಗೆ ಗೊತ್ತಿರುವಷ್ಟು ಹೇಳ್ತೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದದ್ದು ಇದು. ಪೆರ್ಲದ ಕಡೆಯ ಒಬ್ಬರು ಅಜ್ಜಿ ಜ್ವರ ಅಂತ ದಾಖಲಾಗಿದ್ದರು. ರಾತ್ರಿ ಪಾಳಿಯಲ್ಲಿ ಇದ್ದವಳು ತೆಂಕಣ ಕೇರಳದ ಹುಡುಗಿ. ತುಂಬ ಒಳ್ಳೆಯವಳು. ಅಜ್ಜಿ ಮತ್ತೆ ಮತ್ತೆ "ಸಂಕಟ ಆಗ್ತದೆ ಮಗಾ" ಅಂದರಂತೆ. ಮಲಯಾಳದಲ್ಲಿ ಸಂಕಟ ಅಂದರೆ ಮನಸ್ಸಿನ ದುಃಖ. ಆ ಹುಡುಗಿ ಪಕ್ಕದಲ್ಲೇ ಕೂತು, ಕೈ ಹಿಡಿದು, "ಸಂಕಡಪ್ಪೆಡೇಂಡ ಅಮ್ಮಾ" ಅಂತ ಸಮಾಧಾನ ಮಾಡುತ್ತಿದ್ದಳು. ದುಃಖ ಪಡಬೇಡಿ ಅಂತ. ಬೆಳಿಗ್ಗೆ ನಾನು ಹೋದಾಗ ಅಜ್ಜಿಯ ಹಣೆಯಲ್ಲಿ ಬೆವರು ಇತ್ತು. "ಎಲ್ಲಿ ಸಂಕಟ ಅಜ್ಜಿ?" ಅಂತ ಕೇಳಿದೆ. ಅವರು ಹೊಟ್ಟೆಯ ಮೇಲ್ಭಾಗದಿಂದ ಎದೆಯವರೆಗೆ ಅಂಗೈ ಸವರಿ ತೋರಿಸಿದರು. ಕೂಡಲೇ ಇಸಿಜಿ ತೆಗೆಸಿದೆವು. ಹೃದಯಾಘಾತ. ಆಂಬ್ಯುಲೆನ್ಸ್‌ನಲ್ಲಿ ಮಂಗಳೂರಿಗೆ ಕಳಿಸಿದೆವು, ಉಳಿದರು.

ಆ ಹುಡುಗಿ ಅವತ್ತು ಅತ್ತುಬಿಟ್ಟಳು. ಅವಳಿಗೆ ಬಯ್ಯಲು ನನಗೆ ಮನಸ್ಸು ಬರಲಿಲ್ಲ. ರೋಗಿಯ ಹತ್ತಿರ ಅವಳಷ್ಟು ಹೊತ್ತು ಕೂತವರು ಆ ವಾರ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಅದೇ ದಿನ ನಾವಿಬ್ಬರೂ ಒಂದು ರಟ್ಟಿನ ಮೇಲೆ ನೋವು, ತಲೆಸುತ್ತು, ವಾಂತಿ, ಉಬ್ಬಸ, ಮೂತ್ರ ಇಂಥ ಮಾತುಗಳನ್ನು ಕನ್ನಡ, ತುಳು, ಮಲಯಾಳದಲ್ಲಿ ಬರೆದು ನರ್ಸ್‌ಗಳ ಮೇಜಿನ ಹಿಂದೆ ಅಂಟಿಸಿದೆವು. ಬರೆಯುವಾಗ ನಮಗೇ ಆಶ್ಚರ್ಯ ಆಯ್ತು. ಮಲಯಾಳದಲ್ಲಿ ಪನಿ ಅಂದರೆ ಜ್ವರ, ತುಳುವಿನಲ್ಲಿ ಅದೇ ಪನಿ ಅಂದರೆ ತುಂತುರು ಮಳೆ!

ಕಾಸರಗೋಡನ್ನು ಸಪ್ತಭಾಷಾ ಸಂಗಮ ಅಂತಾರೆ. ಭಾಷಣದಲ್ಲಿ ಕೇಳಲು ಚೆನ್ನಾಗಿರುತ್ತದೆ, ವಾರ್ಡಿನಲ್ಲಿ ಅದು ದಿನದ ಕೆಲಸ. 1956ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವರು. ಆಮೇಲೆ ಕೇರಳಕ್ಕೆ ಸೇರಿದೆವು. ಆದರೆ ದೊಡ್ಡ ಕಾಯಿಲೆ ಬಂದರೆ ಮಂಗಳೂರಿಗೇ ಓಡುವ ಅಭ್ಯಾಸ ಹೋಗಲಿಲ್ಲ. ಹಾಗಾಗಿ ನಿಮ್ಮ ವಾರ್ಡಿನಲ್ಲಿ ಮನೆಯಲ್ಲಿ ತುಳು ಮಾತಾಡಿ ಕನ್ನಡ ಓದುವವರು ಸಿಗ್ತಾರೆ. ಮನೆಮಾತು ಬ್ಯಾರಿ ಆಗಿದ್ದು ಶಾಲೆಯಲ್ಲಿ ಮಲಯಾಳ ಕಲಿತವರು ಸಿಗ್ತಾರೆ. ಕೊಂಕಣಿಯವರು, ಮರಾಠಿಯವರೂ ಇದ್ದಾರೆ. ಹೆಸರು ನೋಡಿ, ಬಟ್ಟೆ ನೋಡಿ ಭಾಷೆ ಊಹಿಸಬೇಡಿ. "ಯಾವ ಭಾಷೆಯಲ್ಲಿ ಮಾತಾಡಿದರೆ ನಿಮಗೆ ಸಲೀಸು?" ಅಂತ ಒಮ್ಮೆ ಕೇಳಿಬಿಡಿ, ಕೇಸ್ ಶೀಟಿನ ಮೇಲೇ ಬರೆದಿಡಿ. ಹಗಲು ಚೆನ್ನಾಗಿ ಕನ್ನಡ ಮಾತಾಡಿದವರೂ ನೋವು ಏರಿದಾಗ ಮನೆಮಾತಿಗೆ ಹೋಗ್ತಾರೆ. "ಓಲು ಬೇನೆ?" ಅಂದರೆ ತುಳುವಿನಲ್ಲಿ ಎಲ್ಲಿ ನೋವು ಅಂತ. ಇವತ್ತೇ ಕಲಿತುಕೊಳ್ಳಿ.

ಒಂದು ಪ್ರಶ್ನೆಯನ್ನು ಮಾತ್ರ ಮೆಲ್ಲಗೆ ಕೇಳಿ: "ನೀವು ಕೇರಳದವರಾ?" ನಿಮಗೆ ಅದು ವಿಳಾಸ ಬರೆದುಕೊಳ್ಳುವ ಮಾತು ಅಷ್ಟೇ. ನಮ್ಮವರಿಗೆ 2020ರ ಮಾರ್ಚ್ ನೆನಪಾಗುತ್ತದೆ. ಆಗ ಕೊರೋನಾ ಅಂತ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದರು, ಗಡಿಯ ತಲಪಾಡಿಯಲ್ಲಿ ಆಂಬ್ಯುಲೆನ್ಸ್‌ಗಳು ನಿಂತವು. ಮಂಗಳೂರು ತಲುಪಲಾಗದೆ ಹಲವರು ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯ್ತು. ಈಗಲೂ ಆ ಪ್ರಶ್ನೆ ಕೇಳಿದರೆ ಎಷ್ಟೋ ಜನರ ಮುಖ ಸಣ್ಣದಾಗುತ್ತದೆ, ನಮ್ಮನ್ನು ವಾಪಸ್ ಕಳಿಸ್ತಾರೇನೋ ಅಂತ. "ಯಾವ ಊರಾಯ್ತು?" ಅಂತ ಕೇಳಿ. ಮುಳ್ಳೇರಿಯವೋ ಉಪ್ಪಳವೋ ಅವರೇ ಹೇಳ್ತಾರೆ.

ಇನ್ನು ನಂಬಿಕೆಯ ವಿಷಯ. ಇದರಲ್ಲಿ ಸರ್ಪಸುತ್ತು ನನಗೆ ಪಾಠ ಕಲಿಸಿತು. ಡಾಕ್ಟರು ಹರ್ಪಿಸ್ ಜೋಸ್ಟರ್ ಅಂತ ಬರೆಯುವ ಕಾಯಿಲೆ. ಮೈಯ ಒಂದೇ ಬದಿಯಲ್ಲಿ ಪಟ್ಟಿ ಕಟ್ಟಿದ ಹಾಗೆ ಗುಳ್ಳೆ ಏಳುತ್ತದೆ, ಉರಿ ತಡೆಯಲಾಗುವುದಿಲ್ಲ. ನಮ್ಮಲ್ಲಿ ಇದನ್ನು ನಾಗನ ಜೊತೆ ಸೇರಿಸಿ ನೋಡ್ತಾರೆ. ಮೊದಲು ನಾಟಿ ಮದ್ದಿನವರ ಹತ್ತಿರ ಹೋಗುವುದು, ನಾಗಬನಕ್ಕೆ ಹರಕೆ ಹೇಳುವುದು, ಆಸ್ಪತ್ರೆ ಆಮೇಲೆ. ಆದರೆ ವೈರಸ್ ತಡೆಯುವ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಗುಣ ಜಾಸ್ತಿ. ಹೊಸತರಲ್ಲಿ ನಾನು "ಇದೆಲ್ಲ ಮೂಢನಂಬಿಕೆ" ಅಂತ ಗದರಿಸುತ್ತಿದ್ದೆ. ಅದರಿಂದ ಏನಾಯ್ತು ಗೊತ್ತಾ? ಮದ್ದು ಹಚ್ಚಿದ್ದನ್ನು ಅಡಗಿಸಿ ಬರಲು ಶುರುಮಾಡಿದರು, ಅಥವಾ ಬರುವುದನ್ನೇ ಬಿಟ್ಟರು. ಕೀವಾದ ಮೇಲೆ ಬಂದವರನ್ನು ನೋಡಿ ನನ್ನ ತಪ್ಪು ನನಗೆ ತಿಳಿಯಿತು. ಈಗ ಹೇಳುವುದೇ ಬೇರೆ. "ನಾಗನಿಗೆ ತಂಬಿಲದ ಪೂಜೆ ಕೊಡಿಸಿ, ಅದಕ್ಕೆ ನಾನು ಬೇಡ ಅನ್ನುವುದಿಲ್ಲ. ಮಾತ್ರೆ ಇವತ್ತು ರಾತ್ರಿಯೇ ಶುರುಮಾಡಿ. ಒಡೆದ ಗುಳ್ಳೆಯ ಮೇಲೆ ಮಾತ್ರ ಏನನ್ನೂ ಹಚ್ಚಬೇಡಿ." ಕೇಳ್ತಾರೆ. ಈಗ ಬೇಗ ಬರ್ತಾರೆ ಕೂಡ.

ನರ್ಸಿಂಗ್ ಓದುವಾಗ ಅಮೆರಿಕದ ನರ್ಸಿಂಗ್ ಚಿಂತಕಿ ಮ್ಯಾಡೆಲಿನ್ ಲೀನಿಂಗರ್ ಹೇಳಿದ್ದನ್ನು ನೀವೂ ಪರೀಕ್ಷೆಗೆ ಬಾಯಿಪಾಠ ಮಾಡಿರ್ತೀರಿ ಅಲ್ವಾ? ರೋಗಿಯ ರೂಢಿಯಲ್ಲಿ ಯಾವುದನ್ನು ಹಾಗೇ ಉಳಿಸಬೇಕು, ಯಾವುದಕ್ಕೆ ನಾವು ಹೊಂದಿಕೊಳ್ಳಬೇಕು, ಯಾವುದನ್ನು ಅವರ ಜೊತೆ ಮಾತಾಡಿ ಬದಲಿಸಬೇಕು ಅಂತ. ನನಗೆ ಅದು ಅರ್ಥವಾದದ್ದು ಸರ್ಪಸುತ್ತಿನಿಂದ.

ಕರಿಮಣಿಯೂ ಹಾಗೆಯೇ. ಆಪರೇಷನ್‌ಗೆ ಮೊದಲು ತೆಗೆಯಿರಿ ಅಂದ ಕೂಡಲೇ ಕೆಲವು ಹೆಂಗಸರ ಕೈ ಕುತ್ತಿಗೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ನಾನು ಅರಸಿನ ಹಚ್ಚಿದ ನೂಲು ತರಿಸುತ್ತೇನೆ. ಮೊದಲು ಅದನ್ನು ಕಟ್ಟಿಕೊಳ್ತಾರೆ, ಆಮೇಲೆ ಕರಿಮಣಿಯನ್ನು ತಾವೇ ತೆಗೆದು ಮನೆಯವರ ಕೈಗೆ ಕೊಡ್ತಾರೆ. ಎರಡು ನಿಮಿಷದ ಕೆಲಸ. ಕೈಯಲ್ಲಿರುವ ದೈವಸ್ಥಾನದ ನೂಲನ್ನೂ ಕೇಳದೆ ಕತ್ತರಿಸಬೇಡಿ.

ನೋಂಬಿನ ತಿಂಗಳಲ್ಲಿ, ಅಂದರೆ ರಂಜಾನ್ ಉಪವಾಸದ ಹೊತ್ತಿನಲ್ಲಿ, ಸಕ್ಕರೆ ಕಾಯಿಲೆಯವರ ಮೇಲೆ ಒಂದು ಕಣ್ಣಿರಲಿ. ನರ್ಸ್ ಬಯ್ಯುತ್ತಾಳೆ ಅಂತ ನೋಂಬು ಹಿಡಿದಿದ್ದನ್ನು ಹೇಳುವುದೇ ಇಲ್ಲ, ಮಾತ್ರೆ ಮಾತ್ರ ತಪ್ಪಿಸ್ತಾರೆ. ನೀವೇ ಮೊದಲು ಕೇಳಿ, ಡಾಕ್ಟರ ಹತ್ತಿರ ಹೇಳಿ ಹೊತ್ತು ಬದಲಿಸಿಕೊಡಿ. ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ನೋಂಬು ಬಿಡಲೇಬೇಕು ಅಂತಲೂ ಸ್ಪಷ್ಟವಾಗಿ ಹೇಳಿ. ಕಾಯಿಲೆಯವರಿಗೆ ಅವರ ಧರ್ಮದಲ್ಲೇ ವಿನಾಯಿತಿ ಇದೆ.

ಎಣ್ಮಕಜೆ, ಬೆಳ್ಳೂರು ಕಡೆಯಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕದಿಂದ ಬಾಧಿತರಾದ ಮಕ್ಕಳೂ ಬರಬಹುದು. ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರ್‌ನಿಂದ ಆ ವಿಷ ಸುರಿದರು. ಈ ತಾಯಂದಿರು ಎಷ್ಟು ಕ್ಯಾಮೆರಾ ನೋಡಿದ್ದಾರೋ, ಎಷ್ಟು ಸಲ ಅದೇ ಕಥೆ ಹೇಳಿದ್ದಾರೋ. ಮಗುವನ್ನು ತೋರಿಸಲು ವಿದ್ಯಾರ್ಥಿಗಳನ್ನು ಗುಂಪಾಗಿ ಕರೆದುಕೊಂಡು ಹೋಗಬೇಡಿ. ಹೇಗೆ ಎತ್ತಿದರೆ ಮಗುವಿಗೆ ನೋವಾಗುವುದಿಲ್ಲ, ಯಾವ ಬದಿಗೆ ಮಲಗಿಸಿದರೆ ಗಂಜಿ ಇಳಿಯುತ್ತದೆ ಅಂತ ಅಮ್ಮನನ್ನೇ ಕೇಳಿ. ಅದನ್ನು ಅವಳಷ್ಟು ಬಲ್ಲವರು ಆಸ್ಪತ್ರೆಯಲ್ಲಿ ಯಾರೂ ಇರುವುದಿಲ್ಲ.

ಕೊನೆಗೆ ಡಿಸ್ಚಾರ್ಜ್. ಚೀಟಿ ಇಂಗ್ಲಿಷಿನಲ್ಲಿ ಇರುತ್ತದೆ. "ಮನೆಯಲ್ಲಿ ಮಾತ್ರೆ ತೆಗೆದುಕೊಡುವವರು ಯಾರು? ಅವರು ಏನು ಓದ್ತಾರೆ?" ಅಂತ ವಿಚಾರಿಸಿ. ನಮ್ಮಲ್ಲಿ ಒಂದೇ ಮನೆಯಲ್ಲಿ ಅಜ್ಜನಿಗೆ ಮಲಯಾಳ ಓದಲು ಬರುವುದಿಲ್ಲ, ಮೊಮ್ಮಗನಿಗೆ ಕನ್ನಡ ಓದಲು ಬರುವುದಿಲ್ಲ. ನಾನು ಮಾತ್ರೆಯ ಕವರಿನ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬಿಡಿಸುತ್ತೇನೆ. ಊಟಕ್ಕೆ ಮೊದಲು ಅಂತಿದ್ದರೆ ಖಾಲಿ ಬಟ್ಟಲು, ಆಮೇಲೆ ಅಂತಿದ್ದರೆ ಗಂಜಿ ತುಂಬಿದ ಬಟ್ಟಲು. ಕಳೆದ ತಿಂಗಳು ಒಬ್ಬರು ಅಜ್ಜ ತಪಾಸಣೆಗೆ ಬಂದಾಗ ಪಂಚಾಂಗದೊಳಗಿಂದ ಹಳೆಯ ಕವರು ತೆಗೆದು ಕೊಟ್ಟರು. "ಚಂದ್ರ ಮಾಸಿದ್ದಾನೆ, ಇನ್ನೊಮ್ಮೆ ಬರೆದುಕೊಡು" ಅಂದರು.