ಡೈರಿ ಬರೆದರೆ ನಮ್ಮ ಬದುಕು ನಮಗೇ ಬೇರೆ ಥರ ಕಾಣುತ್ತದಾ?

ಕಾಣುತ್ತದೆ. ಆದರೆ ಸುಮ್ನೆ ಗೋಳು ತೋಡಿಕೊಂಡರೆ ಸಾಲದು.

ತಲೆಯೊಳಗೆ ನೆನಪು ಚೂರುಚೂರಾಗಿ ಸುತ್ತುತ್ತಿರುತ್ತದೆ. ಕಾಗದಕ್ಕೆ ಇಳಿಸಬೇಕಾದರೆ ಮೊದಲು ಏನಾಯಿತು, ಆಮೇಲೆ ಏನು, ಯಾಕೆ ಎಂದು ಜೋಡಿಸಲೇಬೇಕು. ನೋಟ ಬದಲಾಗುವುದು ಆ ಜೋಡಣೆಯಲ್ಲೇ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಕಾಲೇಜು ವಿದ್ಯಾರ್ಥಿಗಳಿಂದ ಸತತ 4 ದಿನ, ದಿನಕ್ಕೆ 15 ನಿಮಿಷ, ತಮಗಾದ ದೊಡ್ಡ ನೋವಿನ ಬಗ್ಗೆ ಬರೆಸಿದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು (ಡೈರಿ ಬರೆಯಿರಿ ಎನ್ನುವವರು ಇದನ್ನು ಹೇಳುವುದೇ ಇಲ್ಲ!). ಆದರೆ ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಬಳಿ ಹೋದದ್ದು ಕಡಿಮೆ. ಮುಂದೆ ಇಂಥ ಬರಹಗಳನ್ನು ಪರಿಶೀಲಿಸಿದಾಗ, ಹೆಚ್ಚು ಚೇತರಿಸಿಕೊಂಡವರಲ್ಲಿ ದಿನ ಕಳೆದಂತೆ 'ಏಕೆಂದರೆ', 'ಈಗ ಅರ್ಥವಾಯಿತು' ಥರದ ಮಾತುಗಳು ಜಾಸ್ತಿಯಾಗಿದ್ದವು.

ನನ್ನದೇ ಅನುಭವ: ಅಪ್ಪನ ಜೊತೆಗಿನ ಒಂದು ಹಳೇ ಜಗಳ ಬರೆಯಲು ಕೂತೆ. ಮೂರನೇ ಸಲ ಬರೆಯುವಾಗ, ಆ ದಿನ ಅವರು ಊಟವನ್ನೇ ಮಾಡಿರಲಿಲ್ಲ ಎಂಬುದು ನೆನಪಾಯಿತು. ಅಲ್ಲಿಯವರೆಗೆ ಆ ಕಥೆಯಲ್ಲಿ ನಾನೊಬ್ಬನೇ ಇದ್ದೆ.

ಒಂದು ಅಪಾಯವೂ ಇದೆ. ಬರೆದದ್ದೇ ನಿಜವಾದ ನೆನಪಾಗಿ ಕೂತುಬಿಡಬಹುದು. ಆರು ತಿಂಗಳು ಬಿಟ್ಟು ಅದನ್ನೇ ಮತ್ತೊಮ್ಮೆ ಬರೆಯಿರಿ. ಹಳೆಯದನ್ನು ಮಾತ್ರ ಹರಿದು ಹಾಕಬೇಡಿ.