ಡ್ಯಾಂಪರ್ ಕೊಳ್ಳುವ ಮೊದಲು ಗೋಪುರ ನಿಮಿಷಕ್ಕೆ ಎಷ್ಟು ಸಲ ಓಲುತ್ತದೆ ಎಂದು ಎಣಿಸಿ

ನಿಮ್ಮ ಗಾಳಿಯಂತ್ರದ 80 ಮೀಟರ್ ಎತ್ತರದ ಉಕ್ಕಿನ ಗೋಪುರ ಜೋರು ಗಾಳಿಯಲ್ಲಿ ಓಲಾಡುತ್ತದೆ, ರಾತ್ರಿ ಗುಂಯ್‌ಗುಡುತ್ತದೆ, ಓಲಾಟ ತಗ್ಗಿಸುವ ಸಾಧನವಾದ ಡ್ಯಾಂಪರ್‌ಗಳಲ್ಲಿ ದ್ರವ ತುಂಬಿದ್ದು ಒಳ್ಳೆಯದೋ ಲೋಲಕದ್ದು ಒಳ್ಳೆಯದೋ, ಸದ್ದಿಗೆ ಒಳಗೋಡೆಗೆ ಫೋಮ್ ಅಂಟಿಸಬಹುದೇ ಎಂದು ಕೇಳಿದ್ದೀರಿ. ಗದಗ ಜಿಲ್ಲೆಯ ಕಪ್ಪತಗುಡ್ಡದ ಸೀಮೆಯಲ್ಲಿ ಗಾಳಿಯಂತ್ರಗಳ ನಿರ್ವಹಣೆ ನೋಡಿಕೊಳ್ಳುತ್ತಿದ್ದಾಗ ನಾನೂ ಇದೇ ಪ್ರಶ್ನೆಯನ್ನು ಮೇಲಧಿಕಾರಿಗಳ ಮುಂದೆ ಇಟ್ಟಿದ್ದೆ. ಅದಕ್ಕೆ ಉತ್ತರವೂ ಸಿಕ್ಕಿತು, ಡ್ಯಾಂಪರೂ ಬಂತು, ಆದರೆ ಒಂದು ಮಳೆಗಾಲದ ವಿದ್ಯುತ್ತು ಕೈತಪ್ಪಿತು.

ಆ ವರ್ಷ ಜೂನ್‌ನಲ್ಲಿ ನೈರುತ್ಯದ ಗಾಳಿ ಬಲಿತ ಕೂಡಲೇ ಸಾಲಿನಲ್ಲಿದ್ದ ಒಂದು ಯಂತ್ರ ಮಾತ್ರ ಕಂಪನದ ಮಿತಿ ದಾಟಿ ತಾನಾಗಿಯೇ ನಿಲ್ಲತೊಡಗಿತು. ಅಕ್ಕಪಕ್ಕದವು ಸುಸೂತ್ರವಾಗಿ ತಿರುಗುತ್ತಿದ್ದವು. ನಾವು ಮೊದಲು ಗೋಪುರದ ಬುಡದಿಂದ ತಲೆಯವರೆಗೆ ಎಲ್ಲ ಜೋಡಣೆಗಳ ಬೋಲ್ಟುಗಳನ್ನು ಪರೀಕ್ಷಿಸಿದೆವು; ಒಂದೂ ಸಡಿಲವಾಗಿರಲಿಲ್ಲ. ಬೇರಿಂಗ್ ನೋಡಲು ಬಳಸುವ ಕೈಯಳತೆಯ ಕಂಪನಮಾಪಕವನ್ನು ಗೋಪುರಕ್ಕೆ ಹಚ್ಚಿದಾಗ ಅದು ಎಲ್ಲವೂ ಸರಿಯಾಗಿದೆ ಎಂದು ತೋರಿಸಿತು. ಆ ಮಾಪಕದ ಅಳತೆ ಆರಂಭವಾಗುವುದೇ ಸೆಕೆಂಡಿಗೆ 10 ಸಲ, ಅಂದರೆ 10 ಹರ್ಟ್ಸ್‌ನಿಂದ, ಗೋಪುರ ಓಲುವುದು ಒಂದು ಹರ್ಟ್ಸ್‌ನ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ಎಂಬುದು ನನಗೆ ಆಗ ಹೊಳೆಯಲಿಲ್ಲ. ಬೋಲ್ಟು ಸರಿಯಿದೆ, ಮಾಪಕವೂ ಸರಿಯೆನ್ನುತ್ತಿದೆ, ಹಾಗಾದರೆ ಗೋಪುರವೇ ತೆಳುವಾಯಿತು ಎಂದು ತೀರ್ಮಾನಿಸಿ, ನಕ್ಷೆಯಲ್ಲಿದ್ದ ಸಹಜ ಆವರ್ತನಕ್ಕೆ (ಗೋಪುರ ತಾನಾಗಿ ಓಲುವ ಲಯಕ್ಕೆ) ಹೊಂದಿಸಿದ ದ್ರವದ ತೊಟ್ಟಿಗಳನ್ನು, ಗೋಪುರದ ತಲೆಯ ಮೇಲೆ ಯಂತ್ರಭಾಗಗಳಿರುವ ಗೂಡಾದ ನೆಸೆಲ್‌ನ ಕೆಳಗೆ ಕೂರಿಸಿದೆವು. ತೊಟ್ಟಿಯಲ್ಲಿ ದ್ರವ ಚೆನ್ನಾಗಿಯೇ ತುಳುಕಾಡುತ್ತಿತ್ತು. ಯಂತ್ರ ಮಾತ್ರ ಮೊದಲಿನಂತೆಯೇ ನಿಲ್ಲುತ್ತಿತ್ತು.

ನನ್ನ ತಪ್ಪು ಎಲ್ಲಿತ್ತು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ತಪ್ಪಿನ ನೆರಳು ಕಾಣುತ್ತಿದೆ. ನಮ್ಮ ಯಂತ್ರದ ರೆಕ್ಕೆಗಳು ಪೂರ್ಣ ವೇಗದಲ್ಲಿ ನಿಮಿಷಕ್ಕೆ 17 ಸುತ್ತು ತಿರುಗುತ್ತಿದ್ದವು; ರೆಕ್ಕೆಗಳಲ್ಲಿ ಒಂದು ಉಳಿದವುಗಳಂತಿಲ್ಲದಿದ್ದರೆ ಸುತ್ತಿಗೊಂದರಂತೆ ಗೋಪುರಕ್ಕೆ ತಾಡನ ಬೀಳುತ್ತದೆ. ಮೂರು ರೆಕ್ಕೆಗಳು ಒಂದೊಂದಾಗಿ ಗೋಪುರದ ಮುಂದೆ ಹಾಯುವುದರಿಂದ ನಿಮಿಷಕ್ಕೆ 51 ಸಲ ಇನ್ನೊಂದು ತಾಡನ ಬೀಳುತ್ತಿತ್ತು. ಗೋಪುರ ತಾನೇ ತಾನಾಗಿ ಓಲುವ ಲೆಕ್ಕ ಇವೆರಡರ ನಡುವೆ, 0.34 ಹರ್ಟ್ಸ್, ಅಂದರೆ ನಿಮಿಷಕ್ಕೆ ಸುಮಾರು 20 ಸಲ. ಉಕ್ಕಿನ ಗೋಪುರಗಳನ್ನು ಸಾಮಾನ್ಯವಾಗಿ ಹೀಗೆ ಎರಡು ತಾಡನಗಳ ನಡುವಿನ ಬಿಡುವಿನಲ್ಲಿ ಕೂರುವಂತೆಯೇ ರೂಪಿಸುತ್ತಾರೆ. ಡ್ಯಾಂಪರ್ ತಗ್ಗಿಸುವುದು ಗೋಪುರದ ಸ್ವಂತ ಓಲಾಟವನ್ನು, ಆ ನಿಮಿಷಕ್ಕೆ 20ರದ್ದನ್ನು ಮಾತ್ರ. ರೆಕ್ಕೆಗಳು ಸುತ್ತಿಗೊಮ್ಮೆ ಗೋಪುರದ ತಲೆಯನ್ನು ಹಿಡಿದು ತಳ್ಳುತ್ತಿದ್ದರೆ ಗೋಪುರ ಆ ತಳ್ಳುವಿಕೆಯ ಲಯದಲ್ಲಿ, ನಿಮಿಷಕ್ಕೆ 17 ಸಲ ಓಲುತ್ತದೆ, ಮತ್ತು 17 ಹಾಗೂ 20 ಇಷ್ಟು ಹತ್ತಿರವಿರುವುದರಿಂದ ಅದೇ ಬಲ ನಿಧಾನವಾಗಿ ತಳ್ಳಿದ್ದರೆ ಆಗುತ್ತಿದ್ದ ಬಾಗುವಿಕೆಯ ಮೂರು ಪಟ್ಟು ಬಾಗುತ್ತದೆ. ಅಂಥ ಓಲಾಟಕ್ಕೆ ಆ ಹೊಂದಾಣಿಕೆಯ ಡ್ಯಾಂಪರಿನಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ನಾನು ಓಲಾಟವನ್ನು ಕಂಡೆ, ಓಲುತ್ತಿರುವುದು ಗೋಪುರವಾದ್ದರಿಂದ ಅದು ಗೋಪುರದ್ದೇ ದೋಷ ಎಂದುಕೊಂಡೆ, ನಿಮಿಷಕ್ಕೆ ಎಷ್ಟು ಸಲ ಓಲುತ್ತಿದೆ ಎಂದು ಒಮ್ಮೆಯೂ ಎಣಿಸಲಿಲ್ಲ. 17 ಮತ್ತು 20ರ ನಡುವಿನ ಆ ಮೂರು ಎಣಿಕೆಗಳಲ್ಲಿ ಇಡೀ ರೋಗನಿದಾನ ಅಡಗಿತ್ತು.

ಎಣಿಸಿದವನು ನಮ್ಮ ತಂಡದ ಕಿರಿಯ ತಂತ್ರಜ್ಞ. ಯಂತ್ರ ನಿಂತಿದ್ದಾಗ ಮೇಲೆ ಹತ್ತಿ, ತನ್ನ ಮೊಬೈಲನ್ನು ಮೇಲಿನ ಅಟ್ಟಣಿಗೆಯ ಕಬ್ಬಿಣಕ್ಕೆ ಬಿಗಿಯಾಗಿ ಕಟ್ಟಿ, ವೇಗೋತ್ಕರ್ಷ ದಾಖಲಿಸುವ ಆ್ಯಪ್ ಚಾಲೂ ಮಾಡಿ ಇಳಿದು ಬಂದ. ಯಂತ್ರವನ್ನು ಮತ್ತೆ ಓಡಿಸಿದೆವು. ಸಂಜೆ ಆ ಮೊಬೈಲಿನ ಪರದೆಯ ಮೇಲೆ ಅಲೆಯ ತುದಿಗಳನ್ನು ಇಬ್ಬರೂ ಬೆರಳಿಟ್ಟು ಎಣಿಸಿದೆವು: 10 ನಿಮಿಷಕ್ಕೆ 170. ಗೋಪುರದ ಸ್ವಂತ ಓಲಾಟವಾಗಿದ್ದರೆ 204 ಬರಬೇಕಿತ್ತು.

ಮುಂದಿನದು ಬೇಗ ಮುಗಿಯಿತು. ಮೂರೂ ರೆಕ್ಕೆಗಳನ್ನು ಒಂದೊಂದಾಗಿ ಒಂದೇ ಸ್ಥಾನಕ್ಕೆ ತಂದು ನಿಲ್ಲಿಸಿ ಕೆಳಗಿನಿಂದ ಫೋಟೊ ತೆಗೆದು ಹೋಲಿಸಿದಾಗ, ಒಂದರ ಪಿಚ್ ಕೋನ (ರೆಕ್ಕೆ ತನ್ನ ಉದ್ದದ ಅಕ್ಷದ ಸುತ್ತ ತಿರುಗಿ ನಿಂತಿರುವ ಕೋನ) ಉಳಿದೆರಡಕ್ಕಿಂತ ಸುಮಾರು 2 ಡಿಗ್ರಿ ಬೇರೆಯಾಗಿತ್ತು. ನಿರ್ವಹಣೆಯ ಪುಸ್ತಕ ತಿರುವಿ ನೋಡಿದರೆ ಏಪ್ರಿಲ್‌ನಲ್ಲಿ ಆ ರೆಕ್ಕೆಯ ಕೋನ ಅಳೆಯುವ ಎನ್‌ಕೋಡರ್ ಬದಲಿಸಿದ ದಾಖಲೆ ಇತ್ತು, ಅದರ ಕೆಳಗೆ ನನ್ನ ಸಹಿ ಇತ್ತು, ಶೂನ್ಯದ ಗುರುತಿಗೆ ಮತ್ತೆ ಹೊಂದಿಸಿದ ದಾಖಲೆ ಇರಲಿಲ್ಲ. ಹೊಂದಿಸಿದ ಮರುದಿನದಿಂದ ಯಂತ್ರ ಕಂಪನದ ಕಾರಣಕ್ಕೆ ನಿಂತಿಲ್ಲ.

ಆದ್ದರಿಂದ ದ್ರವವೋ ಲೋಲಕವೋ ಎಂಬ ಪ್ರಶ್ನೆಯನ್ನು ನಾನು ಈಗಲೇ ಉತ್ತರಿಸಲಾರೆ. ನಿಮ್ಮ ಗೋಪುರದ ಓಲಾಟವನ್ನು ಮೊದಲು ಎಣಿಸಿ; ಎಣಿಕೆ ರೆಕ್ಕೆಯ ಸುತ್ತಿಗೆ ಹೊಂದಿದರೆ ಮೊದಲು ಪಿಚ್ ಕೋನ ಸರಿಪಡಿಸಿ, ಆಮೇಲೆ ರೆಕ್ಕೆಗಳ ತೂಕದ ಸಮತೋಲ ನೋಡಿ. ಈ ಅನುಕ್ರಮವನ್ನು ಯಾವ ಕಾರಣಕ್ಕೂ ತಿರುಗಿಸಬೇಡಿ. ಕೋನ ತಪ್ಪಿರುವಾಗ ತೂಕ ಸೇರಿಸಿದರೆ ಒಂದು ಗಾಳಿವೇಗದಲ್ಲಿ ಓಲಾಟ ಅಡಗಿದಂತೆ ಕಂಡು ಇನ್ನೊಂದರಲ್ಲಿ ಮತ್ತೆ ಏಳುತ್ತದೆ, ಏಕೆಂದರೆ ಕೋನದ ದೋಷದ ಬಲ ಗಾಳಿಯೊಂದಿಗೆ ಬದಲಾಗುತ್ತದೆ, ತೂಕದ ದೋಷದ ಬಲ ಸುತ್ತುವ ವೇಗವನ್ನಷ್ಟೇ ಅನುಸರಿಸುತ್ತದೆ.

ಸದ್ದಿನ ವಿಷಯಕ್ಕೆ ಬಂದರೆ, ಗೋಪುರದ ಒಳಗೋಡೆಗೆ ಫೋಮ್ ಅಂಟಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಹತ್ತಿರದ ಹಟ್ಟಿಯ ಕುರಿಗಾಹಿಯೊಬ್ಬರು ನಮ್ಮ ಯಂತ್ರದ ಸದ್ದನ್ನು ದೂರದಲ್ಲಿ ಹಿಟ್ಟಿನ ಗಿರಣಿ ನಡೆದ ಹಾಗೆ ಎಂದು ವರ್ಣಿಸಿದ್ದರು. ಗೋಡೆಗೆ ಅಂಗೈ ಒತ್ತಿದರೆ ಆ ಗಿರಣಿ ಕೈಗೂ ತಾಕುತ್ತಿತ್ತು, ರೆಕ್ಕೆಯ ವೇಗ ಏರಿದಾಗ ಅದರ ಸ್ವರವೂ ಏರುತ್ತಿತ್ತು. ಅದು ಗೇರ್‌ಬಾಕ್ಸಿನ ಹಲ್ಲುಗಳು ಕೂಡುವ ಸದ್ದು. ಶಾಫ್ಟಿನ ಸುತ್ತನ್ನು ಹಲ್ಲಿನ ಸಂಖ್ಯೆಯಿಂದ ಗುಣಿಸಿದಾಗ ನಮ್ಮಲ್ಲಿ ಸುಮಾರು 125 ಹರ್ಟ್ಸ್ ಬಂತು. ಆ ಸ್ವರದ ಅಲೆಯುದ್ದ ಎರಡೂವರೆ ಮೀಟರಿಗೂ ಹೆಚ್ಚು, 5 ಸೆಂಟಿಮೀಟರ್ ಫೋಮ್ ಅದನ್ನು ಹೀರಲಾರದು, ಮೇಲಾಗಿ ಸದ್ದು ಹೊರಡುವುದು ಉಕ್ಕಿನ ಹೊರಮೈಯಿಂದ. ಗೇರ್‌ಬಾಕ್ಸನ್ನು ಹಿಡಿದಿರುವ ತೋಳುಗಳ ರಬ್ಬರು ಬುಷ್‌ಗಳು ಗಟ್ಟಿಯಾಗಿದ್ದವು. ಅವುಗಳನ್ನು ಬದಲಿಸಿದ ಮೇಲೆ ಗೋಡೆಯ ನಡುಕ ಇಳಿಯಿತು. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬೆಲ್ ಎಂದು ಕೇವಲ ಮಾಪಕ ನೋಡಿ ಸಮಾಧಾನಪಡಬೇಡಿ. ಆ ಮಿತಿಗೆ ಬಳಸುವ, ಕಿವಿಯ ಗ್ರಹಿಕೆಗೆ ಹೊಂದಿಸಿದ ಎ-ತೂಕದ ಅಳತೆ 125 ಹರ್ಟ್ಸ್‌ನಲ್ಲಿ 16 ಡೆಸಿಬೆಲ್ ಕಡಿಮೆ ತೋರಿಸುತ್ತದೆ. ನೆಲದ ಗಾಳಿ ಮಲಗಿ ಮೇಲಿನ ಗಾಳಿ ಬೀಸುವ ರಾತ್ರಿಗಳಲ್ಲಿ ಒಂದೇ ಸ್ವರ ಮನೆಯೊಳಗಿನವರ ನಿದ್ದೆ ಕೆಡಿಸಬಲ್ಲದು. ಆವರ್ತನಗಳನ್ನು ಬಿಡಿಸಿ ತೋರಿಸುವ ಅಳತೆಯನ್ನೇ ಮಾಡಿಸಿ.

ಎಣಿಕೆ ನಿಮ್ಮ ಗೋಪುರದ ಸ್ವಂತ ಆವರ್ತನಕ್ಕೇ ಹೊಂದಿ, ಓಲಾಟ ಗಾಳಿಗೆ ಅಡ್ಡಲಾಗಿದ್ದರೆ, ಆಗ ಡ್ಯಾಂಪರ್ ಸರಿಯಾದ ಮದ್ದು. ರೆಕ್ಕೆಗಳು ಹಿಂದೆಮುಂದಿನ ಓಲಾಟವನ್ನು ತಾವೇ ತಡೆಯುತ್ತವೆ, ಅಡ್ಡ ಓಲಾಟಕ್ಕೆ ಅಂಥ ತಡೆ ಬಹಳ ಕಡಿಮೆ. ಆಗಲೂ ನಕ್ಷೆಯ ಅಂಕಿಗೆ ಹೊಂದಿಸಬೇಡಿ. ಆ ಅಂಕಿ ಕೆಲವೊಮ್ಮೆ ಬುಡ ಕಿಂಚಿತ್ತೂ ಕದಲದು ಎಂಬ ಊಹೆಯ ಮೇಲೆ ಬಂದದ್ದಾಗಿರುತ್ತದೆ, ನಿಜವಾದ ನೆಲದ ಮೇಲೆ ಆವರ್ತನ ಇಳಿಯುತ್ತದೆ. ಯಂತ್ರವನ್ನು ನಿಲ್ಲಿಸಿದ ಮೇಲೆ ಗೋಪುರ ತಾನಾಗಿ ಓಲುತ್ತ ಅಡಗುವ ಆ ಕೆಲವು ನಿಮಿಷಗಳ ದಾಖಲೆ ನಿಮ್ಮ ಮೊಬೈಲಿನಲ್ಲೇ ಸಿಗುತ್ತದೆ. ಆ ಎಣಿಕೆಯನ್ನು ಇಲ್ಲಿ ಬರೆದರೆ ದ್ರವವೋ ಲೋಲಕವೋ ಎಂಬುದನ್ನು ಮುಂದೆ ಚರ್ಚಿಸೋಣ.